ಜೋಳದ ರಾಶಿಯ ಬಿಸಿ ಒಂದು ಫೈಲಿಗೆ ಬರುವುದು ಹೇಗೆ?

ದಾವಣಗೆರೆ ಸುತ್ತ ಮೆಕ್ಕೆಜೋಳ ಕಟಾವಾಗಿ ಗೋದಾಮು ತುಂಬುವ ಕಾಲಕ್ಕೆ ಎಲ್ಲರಿಗೂ ಒಂದೇ ಚಿಂತೆ: ಕಾಳು ಸರಿಯಾಗಿ ಒಣಗಿದೆಯಾ? ತೇವ ಜಾಸ್ತಿ ಇದ್ದರೆ ರಾಶಿ ಒಳಗೊಳಗೇ ಬಿಸಿಯಾಗುತ್ತದೆ. ಕಾಳು ಉಸಿರಾಡುತ್ತದೆ, ಬೂಷ್ಟು ಬೆಳೆಯುತ್ತದೆ, ಎರಡರಿಂದಲೂ ಶಾಖ ಹುಟ್ಟುತ್ತದೆ. ಮೇಲೆ ಕೈಯಿಟ್ಟರೆ ಏನೂ ಗೊತ್ತಾಗುವುದಿಲ್ಲ. ಇಲ್ಲಿನ ಎಂಜಿನಿಯರಿಂಗ್ ಹುಡುಗರು, ಹುಡುಗಿಯರು ಪ್ರಾಜೆಕ್ಟ್‌ಗೆ ವಿಷಯ ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ರಾಶಿಯೊಳಗೆ ತಾಪಮಾನ ಅಳೆಯುವ ಪ್ರೋಬ್ ಇಡಿ, ಅದನ್ನು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ ಜೋಡಿಸಿ, ಬಿಸಿ ಏರಿದರೆ ಗೋದಾಮಿನವರ ಮೊಬೈಲಿಗೆ ಮೆಸೇಜ್ ಹೋಗಲಿ.

ಜೋಡಿಸುವುದು ಕಷ್ಟವಿಲ್ಲ. ಡಿಎಸ್18ಬಿ20 ಎಂಬ ಪುಟ್ಟ ಚಿಪ್, ನೀರು ಒಳಗೆ ಹೋಗದಂತೆ ಸ್ಟೀಲ್ ಕೊಳವೆಯಲ್ಲಿ ಕೂರಿಸಿದ್ದು ಸಿಗುತ್ತದೆ. ಮೂರು ವೈರ್, 4.7 ಕಿಲೋ ಓಮ್‌ನ ಒಂದು ರೆಸಿಸ್ಟರ್, ಅಷ್ಟೇ. ಪೈನಲ್ಲಿ ಒನ್-ವೈರ್ ಸೌಲಭ್ಯ (ಮಾತುಕತೆಗೆಲ್ಲ ಒಂದೇ ವೈರ್ ಬಳಸುವ ಪದ್ಧತಿ) ಆನ್ ಮಾಡಿದರೆ ಅದರ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ತಾನಾಗಿಯೇ ಚಿಪ್ಪನ್ನು ಹುಡುಕಿಕೊಳ್ಳುತ್ತದೆ. ಈ ಲೇಖನದ ವಿಷಯವೇ ಆದ ಸಿಸ್ ಎಂಬ ಡೈರೆಕ್ಟರಿಯೊಳಗೆ 28 ಎಂದು ಶುರುವಾಗುವ ಉದ್ದನೆಯ ಹೆಸರಿನ ಒಂದು ಫೋಲ್ಡರ್ ಕಾಣಿಸಿಕೊಳ್ಳುತ್ತದೆ. 28 ಎಂಬುದು ಈ ಜಾತಿಯ ಚಿಪ್‌ನ ಗುರುತು, ಮುಂದಿನದ್ದು ಆ ಒಂದು ಚಿಪ್‌ಗೆ ಮಾತ್ರ ಇರುವ ಸಂಖ್ಯೆ. ಫೋಲ್ಡರ್ ಒಳಗೆ ಟೆಂಪರೇಚರ್ ಎಂಬ ಫೈಲ್ ಇದೆ. ಕ್ಯಾಟ್ ಕಮಾಂಡ್ ಕೊಟ್ಟು ಓದಿದರೆ 33500 ಎಂದು ಬರುತ್ತದೆ.

ಇದನ್ನು ಗೋದಾಮಿನವರಿಗೆ ತೋರಿಸಿದರೆ ಮೊದಲು ಕೇಳುವ ಮಾತು, “ಏನ್ರೀ ಇದು, ಮೂವತ್ಮೂರು ಸಾವಿರ ತೋರಿಸ್ತೈತಿ?” ಒಳ್ಳೆಯ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ. ಅದಕ್ಕಿಂತ ವಿಚಿತ್ರವಾದದ್ದು ಆ ಫೈಲಿನಲ್ಲೇ ಇದೆ.

ಎಲ್‌ಎಸ್ ಕಮಾಂಡ್‌ನಲ್ಲಿ ಉದ್ದನೆಯ ಪಟ್ಟಿ ಕೇಳಿದರೆ ಫೈಲಿನ ಗಾತ್ರ 4096 ಬೈಟ್ ಎಂದು ತೋರಿಸುತ್ತದೆ. ಓದಿದರೆ ಐದು ಅಂಕಿ, ಒಂದು ಸಾಲು ಮುರಿಯುವ ಗುರುತು, ಒಟ್ಟು ಆರು ಬೈಟ್. ಪಕ್ಕದ ಬಹುಪಾಲು ಫೈಲುಗಳ ಗಾತ್ರವೂ 4096 ಅಂತಲೇ ಇದೆ. ಇನ್ನೊಂದು ಗಮನಿಸಿ: ಕ್ಯಾಟ್ ಎಂದು ಒತ್ತಿದ ಮೇಲೆ ಉತ್ತರ ಬರಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯುತ್ತದೆ. ಆರು ಬೈಟ್ ಓದಲು ಒಂದು ಸೆಕೆಂಡಾ? ಮೆಮೊರಿ ಕಾರ್ಡ್ ಎಷ್ಟೇ ಹಳೆಯದಿದ್ದರೂ ಇಷ್ಟು ನಿಧಾನ ಇರುವುದಿಲ್ಲ, ಅಲ್ವಾ?

ಕಾರಣ ಇಷ್ಟೇ. ಆ ಫೈಲ್ ಕಾರ್ಡಿನಲ್ಲಿ ಎಲ್ಲೂ ಇಲ್ಲ. 33500 ಎಂಬ ಸಂಖ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ನೀವು ಓದಲು ಹೋದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗಿನ ಡ್ರೈವರ್, ಅಂದರೆ ಆ ಚಿಪ್ ಜೊತೆ ಮಾತಾಡಬಲ್ಲ ಕೋಡ್, ಎದ್ದು, ವೈರ್ ಮೂಲಕ ಚಿಪ್‌ಗೆ “ಅಳೆ” ಎಂದು ಹೇಳಿ, ಅದು ಅಳೆಯುವವರೆಗೆ ಕಾದು, ಉತ್ತರ ತಂದು ನಿಮ್ಮ ಕೈಗೆ ಕೊಟ್ಟಿದೆ. ಡಿಎಸ್18ಬಿ20 ಪೂರ್ತಿ ನಿಖರತೆಯಲ್ಲಿ ಅಳೆಯಲು 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ನೀವು ಕಾದದ್ದು ಆ 750 ಮಿಲಿಸೆಕೆಂಡನ್ನು.

ಮಂಡಿಯಲ್ಲಿ ಜೋಳ ಕೊಳ್ಳುವವರು ಚೀಲ ಬಿಚ್ಚಿ ಸುರಿಯುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚುತ್ತಾರೆ, ಅಂಗೈಗೆ ಒಂದು ಹಿಡಿ ಕಾಳು ಬೀಳುತ್ತದೆ, ಅದನ್ನು ನೋಡಿ ಬೆಲೆ ಹೇಳುತ್ತಾರೆ. ಸಿಸ್ ಒಳಗಿನ ಒಂದೊಂದು ಫೈಲೂ ಅಂಥ ಕೊಳವೆ. ಚುಚ್ಚಿದ ಕ್ಷಣದಲ್ಲಿ ಒಳಗೆ ಏನಿದೆಯೋ ಅದು ಬರುತ್ತದೆ. ಚುಚ್ಚದಿದ್ದರೆ ಏನೂ ಇಲ್ಲ.

ನೇರವಾಗಿ ಚಿಪ್ಪನ್ನೇ ಕೇಳಬಾರದಾ?

ಹೊಸಬರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಪೈಥಾನ್ ಪ್ರೋಗ್ರಾಮ್ ವೈರ್ ಮೇಲಿನ ವೋಲ್ಟೇಜನ್ನು ತಾನೇ ಏರಿಸಿ ಇಳಿಸಿ ಚಿಪ್ ಜೊತೆ ಮಾತಾಡಿದರೆ ಆಗದಾ? ಒಂದೇ ಪ್ರೋಗ್ರಾಮ್ ಇದ್ದರೆ ಹೇಗೋ ಆದೀತು. ಒನ್-ವೈರ್ ಪದ್ಧತಿಯಲ್ಲಿ ಒಂದು ಬಿಟ್ ಅಂದರೆ ಕೆಲವೇ ಹತ್ತು ಮೈಕ್ರೊಸೆಕೆಂಡ್‌ಗಳ ಆಟ. ಅಷ್ಟರಲ್ಲಿ ಆಪರೇಟಿಂಗ್ ಸಿಸ್ಟಮ್ ನಿಮ್ಮ ಪ್ರೋಗ್ರಾಮನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಓಡಿಸಿದರೆ ಬಿಟ್ ತಪ್ಪುತ್ತದೆ. ಎರಡು ಪ್ರೋಗ್ರಾಮ್‌ಗಳು ಒಟ್ಟಿಗೆ ಒಂದೇ ವೈರ್ ಮೇಲೆ ಮಾತಾಡಿದರಂತೂ ಯಾರ ಮಾತು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಹಾರ್ಡ್‌ವೇರ್ ಮುಟ್ಟುವ ಅಧಿಕಾರ ಕರ್ನಲ್‌ಗೆ, ಅದರೊಳಗಿನ ಡ್ರೈವರ್‌ಗೆ. ನಮ್ಮ ಪ್ರೋಗ್ರಾಮ್‌ಗಳು ಹೊರಗೆ ನಿಂತು ಕೇಳಬೇಕು. ಇಬ್ಬರು ಒಟ್ಟಿಗೆ ಕೇಳಿದರೆ ಡ್ರೈವರ್ ಒಬ್ಬರನ್ನು ಕಾಯಿಸುತ್ತದೆ.

ಹೊರಗೆ ನಿಂತು ಕೇಳುವ ದಾರಿ ಯಾವುದು ಅನ್ನುವುದೇ ಈ ಲೇಖನದ ವಿಷಯ. ಹಳೆಯ ದಾರಿ ಐಒಕಂಟ್ರೋಲ್ ಎಂಬ ಸಿಸ್ಟಮ್ ಕಾಲ್, ಅಂದರೆ ಪ್ರೋಗ್ರಾಮ್ ಕರ್ನಲ್‌ಗೆ ಕೊಡುವ ಕರೆ. ಅದರಲ್ಲಿ ಒಂದು ಗುಪ್ತ ಸಂಖ್ಯೆ, ಜೊತೆಗೆ ಸ್ಟ್ರಕ್ಚರ್ ಎಂಬ ಮಾಹಿತಿಯ ಕಂತೆ ಕಳಿಸಬೇಕು. ಆ ಸಂಖ್ಯೆಯ ಅರ್ಥ ಗೊತ್ತಿರುವ ಪ್ರೋಗ್ರಾಮ್ ಮಾತ್ರ ಮಾತಾಡಬಲ್ಲದು. ಅದಕ್ಕೆ ಒಂದು ಪ್ರೋಗ್ರಾಮ್ ಬರೆಯಲೇಬೇಕು, ಸುಮ್ನೆ ಟರ್ಮಿನಲ್‌ನಲ್ಲಿ ಕೇಳಿ ನೋಡಲು ಆಗುವುದಿಲ್ಲ. ಇನ್ನೊಂದು ದಾರಿ ಪ್ರೊಕ್ ಡೈರೆಕ್ಟರಿ. ಓಡುತ್ತಿರುವ ಪ್ರೋಗ್ರಾಮ್‌ಗಳ ವಿವರ ತೋರಿಸಲು ಹುಟ್ಟಿದ ಜಾಗ ಅದು. ಆದರೆ ಡ್ರೈವರ್ ಬರೆಯುವವರು ತಮಗೆ ತೋಚಿದ ಫೈಲುಗಳನ್ನೆಲ್ಲ ಅಲ್ಲಿಗೇ ತಂದು ಹಾಕಿದರು. ಒಬ್ಬರ ಫೈಲ್ ಪಟ್ಟಿಯಂತೆ, ಇನ್ನೊಬ್ಬರದ್ದು ವಾಕ್ಯದಂತೆ, ಮತ್ತೊಬ್ಬರದ್ದು ಕಾಲಂ ಕಾಲಂ. ಓದುವ ಪ್ರೋಗ್ರಾಮ್ ಬರೆಯುವವರಿಗೆ ಒಂದೊಂದಕ್ಕೂ ಬೇರೆ ಬೇರೆ ಕೆಲಸ.

2.5 ಸರಣಿಯ ಕರ್ನಲ್ ತಯಾರಾಗುವಾಗ ಇನ್ನೊಂದು ಅಗತ್ಯ ಎದ್ದಿತು. ಲ್ಯಾಪ್‌ಟಾಪ್ ಮಲಗಿಸುವಾಗ ಯಾವ ಸಾಧನವನ್ನು ಮೊದಲು ಆರಿಸಬೇಕು? ಯುಎಸ್‌ಬಿ ಕಂಟ್ರೋಲರ್ ಮೊದಲು ಮಲಗಿದರೆ ಅದಕ್ಕೆ ನೇತುಬಿದ್ದ ಕೀಬೋರ್ಡ್‌ನ ಗತಿ ಏನು? ಯಾವುದು ಯಾವುದಕ್ಕೆ ಜೋಡಿಸಿದೆ ಎಂಬ ಪೂರ್ತಿ ಮರ ಕರ್ನಲ್‌ಗೆ ಬೇಕಾಯಿತು. ಕರ್ನಲ್ ಡೆವಲಪರ್ ಪ್ಯಾಟ್ರಿಕ್ ಮೋಚೆಲ್ ಆ ಕೆಲಸ ಮಾಡುತ್ತಾ, ಆ ಮರವನ್ನೇ ಫೈಲ್ ಸಿಸ್ಟಮ್ ರೂಪದಲ್ಲಿ ಹೊರಗೆ ತೋರಿಸಿದರು. ಒಂದು ಹಂತದಲ್ಲಿ ಅದರ ಹೆಸರು ಡ್ರೈವರ್‌ಎಫ್‌ಎಸ್, ಆಮೇಲೆ ಸಿಸ್‌ಎಫ್‌ಎಸ್. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನೊಂದಿಗೆ ಅದು ಎಲ್ಲರ ಯಂತ್ರಕ್ಕೂ ಬಂತು. ಇಂದು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್‌ನಲ್ಲೂ ಅದಿದೆ.

ಮರದ ಲೆಕ್ಕ ಸರಳ. ಕರ್ನಲ್ ಒಳಗಿನ ಒಂದೊಂದು ವಸ್ತುವಿಗೆ ಒಂದು ಡೈರೆಕ್ಟರಿ. ಆ ವಸ್ತುವಿನ ಒಂದೊಂದು ಗುಣಕ್ಕೆ ಒಂದು ಫೈಲ್. ಈ ಗುಣವನ್ನೇ ಆಟ್ರಿಬ್ಯೂಟ್ ಅನ್ನುತ್ತಾರೆ. ಸಿಸ್ ಒಳಗಿನ ಡಿವೈಸಸ್ ಎಂಬಲ್ಲಿ ನಿಜವಾದ ಮರ ಇದೆ. ಕ್ಲಾಸ್, ಬಸ್ ಎಂಬ ಡೈರೆಕ್ಟರಿಗಳಲ್ಲಿ ಇರುವುದು ಹೆಚ್ಚಾಗಿ ಆ ಮರಕ್ಕೆ ಕೈತೋರಿಸುವ ಲಿಂಕ್‌ಗಳು. ಬ್ಯಾಟರಿ ಎಲ್ಲಿ ಜೋಡಿಸಿದೆ ಅಂತ ತಲೆಕೆಡಿಸಿಕೊಳ್ಳದೆ ಕ್ಲಾಸ್ ಒಳಗಿನ ಪವರ್ ಸಪ್ಲೈಗೆ ಹೋದರೆ ಬ್ಯಾಟರಿ ಸಿಗುತ್ತದೆ. ಅದರಲ್ಲಿ ಕೆಪ್ಯಾಸಿಟಿ ಎಂಬ ಫೈಲ್ ಓದಿ, 78 ಎಂದು ಬಂದರೆ 78 ಪರ್ಸೆಂಟ್ ಚಾರ್ಜ್ ಇದೆ ಎಂದರ್ಥ. ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿತ್ರ ತೋರಿಸುವ ಪ್ರೋಗ್ರಾಮ್‌ಗೂ ಆ ಸಂಖ್ಯೆ ಸಿಗುವುದು ಇಲ್ಲಿಂದಲೇ.

ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಇದೇ ಕೆಲಸಕ್ಕೆ ಬೇರೆ ದಾರಿಗಳಿವೆ. ಮ್ಯಾಕ್‌ನಲ್ಲಿ ಐಒ ರಿಜಿಸ್ಟ್ರಿ, ಫ್ರೀಬಿಎಸ್‌ಡಿಯಲ್ಲಿ ಸಿಸ್‌ಕಂಟ್ರೋಲ್, ವಿಂಡೋಸ್‌ನಲ್ಲಿ ಡಬ್ಲ್ಯುಎಂಐ. ನಾನು ಲಿನಕ್ಸನ್ನೇ ಹಿಡಿದುಕೊಂಡಿದ್ದೇನೆ. ಅದರಲ್ಲಿ ಒಳಗಿನ ಕೋಡ್ ತೆರೆದು ನೋಡಬಹುದು, ಮತ್ತು ಕಡಿಮೆ ದುಡ್ಡಿನ ಬೋರ್ಡ್‌ನಲ್ಲೇ ಎಲ್ಲ ಕಲಿಯಬಹುದು.

ಒಳಗೆ ನಡೆಯುವುದೇನು?

ಡ್ರೈವರ್ ಬರೆಯುವವರು ಒಂದು ಆಟ್ರಿಬ್ಯೂಟ್ ಕೊಡಬೇಕೆಂದರೆ ನಾಲ್ಕು ಸಂಗತಿ ಹೇಳಬೇಕು. ಅದರ ಹೆಸರು, ಯಾರು ಓದಬಹುದು ಯಾರು ಬರೆಯಬಹುದು ಎಂಬ ಅನುಮತಿ, ಓದುವಾಗ ಓಡಿಸಬೇಕಾದ ಫಂಕ್ಷನ್, ಬರೆಯುವಾಗ ಓಡಿಸಬೇಕಾದ ಫಂಕ್ಷನ್. ಓದುವ ಫಂಕ್ಷನ್‌ಗೆ ಶೋ, ಬರೆಯುವುದಕ್ಕೆ ಸ್ಟೋರ್ ಅನ್ನುತ್ತಾರೆ. ಇದಕ್ಕಾಗಿ ಕರ್ನಲ್‌ನಲ್ಲಿ ಮ್ಯಾಕ್ರೊ ಎಂಬ ಸಿದ್ಧ ಕೋಡ್ ಅಚ್ಚುಗಳಿವೆ. ಟೆಂಪರೇಚರ್ ಎಂಬ ಹೆಸರು ಕೊಟ್ಟರೆ, ಟೆಂಪರೇಚರ್ ಶೋ ಎಂಬ ಫಂಕ್ಷನ್ ಇದೆಯಾ ಎಂದು ಅದೇ ಹುಡುಕಿ ಜೋಡಿಸಿಕೊಳ್ಳುತ್ತದೆ.

ಕ್ಯಾಟ್ ಫೈಲನ್ನು ತೆರೆದು ಓದಿದಾಗ ಕರ್ನಲ್ ಒಂದು ಪುಟದಷ್ಟು ಮೆಮೊರಿಯನ್ನು ಎತ್ತಿಟ್ಟು ಶೋ ಫಂಕ್ಷನ್‌ಗೆ ಕೊಡುತ್ತದೆ. ಸಾಮಾನ್ಯವಾಗಿ ಒಂದು ಪುಟ ಅಂದರೆ 4096 ಬೈಟ್. ಎಲ್‌ಎಸ್ ತೋರಿಸಿದ ಗಾತ್ರ ಇದೇ. ಉತ್ತರ ಎಷ್ಟು ಉದ್ದ ಇರುತ್ತದೆಂದು ಕೇಳುವ ಮೊದಲೇ ಯಾರಿಗೂ ಗೊತ್ತಿಲ್ಲವಲ್ಲ, ಹಾಗಾಗಿ ಗರಿಷ್ಠ ಮಿತಿಯನ್ನೇ ಗಾತ್ರವಾಗಿ ತೋರಿಸುತ್ತಾರೆ. ಶೋ ಫಂಕ್ಷನ್ ತನ್ನ ಉತ್ತರವನ್ನು ಅಕ್ಷರರೂಪದಲ್ಲಿ ಆ ಪುಟಕ್ಕೆ ಬರೆದು, ಎಷ್ಟು ಬೈಟ್ ಬರೆದೆ ಎಂದು ಹೇಳಿ ಮುಗಿಸುತ್ತದೆ. ಹಿಂದೆ ಇದಕ್ಕೆ ಸಿ ಭಾಷೆಯ ಎಸ್‌ಪ್ರಿಂಟ್‌ಎಫ್ ಬಳಸುತ್ತಿದ್ದರು. ಅದು ಪುಟದ ಅಂಚು ದಾಟಿ ಬರೆದರೂ ತಡೆಯುವುದಿಲ್ಲ. 2020ರ ಕೊನೆಗೆ ಬಂದ 5.10 ಕರ್ನಲ್‌ನಲ್ಲಿ ಸಿಸ್‌ಎಫ್‌ಎಸ್ ಎಮಿಟ್ ಎಂಬ ಫಂಕ್ಷನ್ ಸೇರಿಸಿದರು. ಅದಕ್ಕೆ ಪುಟದ ಮಿತಿ ಗೊತ್ತು. ಹೊಸ ಡ್ರೈವರ್ ಬರೆಯುವವರು ಅದನ್ನೇ ಬಳಸಬೇಕು.

ನಮ್ಮ ಪ್ರೋಬ್‌ನಲ್ಲಿ ಆದದ್ದನ್ನು ಹತ್ತಿರದಿಂದ ನೋಡೋಣ. ಚಿಪ್ ಡ್ರೈವರ್‌ಗೆ ಒಂಬತ್ತು ಬೈಟ್ ಕಳಿಸುತ್ತದೆ. ತಾಪಮಾನ ಇರುವುದು ಮೊದಲ ಎರಡರಲ್ಲಿ. ಅವು 18 ಮತ್ತು 02 ಎಂದುಕೊಳ್ಳಿ, ಹದಿನಾರರ ಲೆಕ್ಕದಲ್ಲಿ. ಚಿಕ್ಕ ಬೈಟ್ ಮೊದಲು ಬರುವುದರಿಂದ ಹಿಂದುಮುಂದು ಮಾಡಿ 0218 ಎಂದು ಓದಬೇಕು. ನಮ್ಮ ಹತ್ತರ ಲೆಕ್ಕದಲ್ಲಿ ಅದು 536. ಚಿಪ್ ಒಂದು ಡಿಗ್ರಿಯನ್ನು ಹದಿನಾರು ಪಾಲು ಮಾಡಿ ಎಣಿಸುತ್ತದೆ, ಆದ್ದರಿಂದ 536ನ್ನು 16ರಿಂದ ಭಾಗಿಸಿದರೆ 33.5 ಡಿಗ್ರಿ. ಕೊನೆಯ ಬೈಟ್ ಸಿಆರ್‌ಸಿ, ಅಂದರೆ ದಾರಿಯಲ್ಲಿ ಬಿಟ್ ಕೆಟ್ಟಿದೆಯಾ ಎಂದು ಪರೀಕ್ಷಿಸುವ ಮೊತ್ತ. ಇಷ್ಟೆಲ್ಲ ಲೆಕ್ಕ ಡ್ರೈವರ್ ಒಳಗೇ ಮುಗಿಯುತ್ತದೆ.

33.5 ಅಂತ ಬರೆಯುವ ಬದಲು 33500 ಯಾಕೆ? ಕರ್ನಲ್ ಒಳಗೆ ದಶಮಾಂಶದ ಲೆಕ್ಕ, ಅಂದರೆ ಫ್ಲೋಟಿಂಗ್ ಪಾಯಿಂಟ್, ಸಾಮಾನ್ಯವಾಗಿ ಬಳಸುವುದಿಲ್ಲ. ಆ ಲೆಕ್ಕ ನಡೆಯುವ ರಿಜಿಸ್ಟರ್‌ಗಳು, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ನೆನಪಿನ ಜಾಗಗಳು, ಹೊರಗಿನ ಪ್ರೋಗ್ರಾಮ್‌ಗಳಿಗೆ ಸೇರಿದವು. ಕರ್ನಲ್ ಅವನ್ನು ಮುಟ್ಟಬೇಕೆಂದರೆ ಪ್ರತಿ ಸಲ ಉಳಿಸಿ, ಮತ್ತೆ ಹಾಕಿಡಬೇಕು. ಅದಕ್ಕೆ ಪೂರ್ಣಾಂಕದಲ್ಲೇ ಕೆಲಸ ಮುಗಿಸುತ್ತಾರೆ. ತಾಪಮಾನ ಮಿಲಿಡಿಗ್ರಿಯಲ್ಲಿ, ಸೆನ್ಸರ್‌ಗಳ ವೋಲ್ಟೇಜ್ ಮಿಲಿವೋಲ್ಟ್‌ನಲ್ಲಿ. ಬ್ಯಾಟರಿಯ ವೋಲ್ಟೇಜ್ ಮಾತ್ರ ಮೈಕ್ರೊವೋಲ್ಟ್‌ನಲ್ಲಿ, ಅಲ್ಲಿ 11400000 ಎಂದು ಕಂಡರೆ 11.4 ವೋಲ್ಟ್. ತೇವಾಂಶ ಅಳೆಯುವ ಡಿಎಚ್‌ಟಿ11 ಸೆನ್ಸರ್‌ಗೂ ಲಿನಕ್ಸ್‌ನಲ್ಲಿ ಡ್ರೈವರ್ ಇದೆ. ಅದು 61000 ಎಂದರೆ 61 ಪರ್ಸೆಂಟ್. ಪರದೆಯ ಬೆಳಕಿನ ಬ್ರೈಟ್‌ನೆಸ್ ಫೈಲಿಗಂತೂ ಮಾನವೇ ಇಲ್ಲ. ಪಕ್ಕದ ಮ್ಯಾಕ್ಸ್ ಬ್ರೈಟ್‌ನೆಸ್ ನೋಡಿ, ಅದಕ್ಕೆ ಹೋಲಿಸಿ ಅರ್ಥ ಮಾಡಿಕೊಳ್ಳಬೇಕು. ಗೋದಾಮಿನವರ ಪ್ರಶ್ನೆಗೆ ಉತ್ತರ ಇದು. ಸಂಖ್ಯೆಯನ್ನು ಮನುಷ್ಯರು ಓದುವ ಹಾಗೆ ಮಾಡುವುದು ಹೊರಗಿನ ಪ್ರೋಗ್ರಾಮ್‌ನ ಕೆಲಸ, ಸಾವಿರದಿಂದ ಭಾಗಿಸಿ ಮೊಬೈಲಿಗೆ ಕಳಿಸಬೇಕು.

ಇಲ್ಲಿ ಪ್ರಾಜೆಕ್ಟ್ ಮಾಡುವವರು ಕಡ್ಡಾಯವಾಗಿ ನೆನಪಿಡಬೇಕಾದ ಒಂದು ಸಂಖ್ಯೆ ಇದೆ: 85000. ಡಿಎಸ್18ಬಿ20ಗೆ ಕರೆಂಟ್ ಕೊಟ್ಟ ತಕ್ಷಣ, ಇನ್ನೂ ಏನೂ ಅಳೆಯುವ ಮೊದಲು, ಅದರ ರಿಜಿಸ್ಟರ್‌ನಲ್ಲಿ 85 ಡಿಗ್ರಿ ಎಂದು ಇರುತ್ತದೆ. ವೈರ್ ಸಡಿಲವಾಗಿ ಚಿಪ್ ಮಧ್ಯದಲ್ಲಿ ಆರಿ ಹತ್ತಿದರೆ ಅದೇ 85 ಬರಬಹುದು. ಸಿಆರ್‌ಸಿ ಸರಿಯಾಗಿಯೇ ಇರುತ್ತದೆ, ಏಕೆಂದರೆ ದಾರಿಯಲ್ಲಿ ಯಾವ ಬಿಟ್ಟೂ ಕೆಟ್ಟಿಲ್ಲ. ಅಳತೆಯೇ ಆಗಿಲ್ಲ, ಅಷ್ಟೇ. ಜೋಳದ ರಾಶಿ ಒಂದು ನಿಮಿಷದಲ್ಲಿ 33ರಿಂದ 85ಕ್ಕೆ ಏರುವುದು ಸಾಧ್ಯವಿಲ್ಲ. ಅಂಥದ್ದು ಬಂದರೆ ಮತ್ತೊಮ್ಮೆ ಓದಿ ನೋಡುವ ಬುದ್ಧಿ ನಿಮ್ಮ ಸ್ಕ್ರಿಪ್ಟ್‌ಗೆ ಇರಬೇಕು. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಗೋದಾಮಿನವರನ್ನು ಎಬ್ಬಿಸಿ ಓಡಿಸಿದ ಹಾಗಾಗುತ್ತದೆ. ಎರಡನೇ ಸಲ ಅವರು ನಿಮ್ಮ ಮೆಸೇಜ್ ನಂಬುವುದಿಲ್ಲ.

ಬರೆಯುವುದು ಇನ್ನೊಂದು ದಿಕ್ಕು. ಈ ಚಿಪ್‌ನ ಫೋಲ್ಡರ್‌ನಲ್ಲಿ ರೆಸಲ್ಯೂಶನ್ ಎಂಬ ಫೈಲ್ ಇದೆ, ಓದಿದರೆ 12 ಎಂದು ಬರುತ್ತದೆ. ಅದಕ್ಕೆ 9 ಎಂದು ಬರೆದರೆ ಚಿಪ್ ಅರ್ಧ ಡಿಗ್ರಿಯ ನಿಖರತೆಗೆ ಇಳಿಯುತ್ತದೆ, ಬದಲಿಗೆ ಅಳೆಯುವ ಸಮಯ 750ರಿಂದ ಸುಮಾರು 94 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಕಾಳಿನ ರಾಶಿಗೆ ಅರ್ಧ ಡಿಗ್ರಿ ಧಾರಾಳವಾಗಿ ಸಾಕು. ಒಂದೇ ವೈರ್ ಮೇಲೆ ತುಂಬಾ ಪ್ರೋಬ್‌ಗಳಿದ್ದರೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೀವು ಬರೆದ 9 ಕರ್ನಲ್‌ಗೆ ಹೋಗುವುದು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ. ಎಕೋ ಕಮಾಂಡ್ ಅದರ ಹಿಂದೆ ಸಾಲು ಮುರಿಯುವ ಗುರುತನ್ನೂ ಸೇರಿಸುತ್ತದೆ. ಸ್ಟೋರ್ ಫಂಕ್ಷನ್ ಅದನ್ನು ಸಂಖ್ಯೆಯಾಗಿ ಬದಲಿಸಿ, ಮಿತಿಯೊಳಗಿದೆಯಾ ನೋಡಿ, ಆಮೇಲೆ ಚಿಪ್‌ಗೆ ಹೇಳುತ್ತದೆ. 20 ಎಂದು ಬರೆದರೆ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಎಂಬ ಎರರ್ ವಾಪಸ್ ಬರುತ್ತದೆ. ಎಲ್ಲಾ ಸರಿಯಾದರೆ ಸ್ಟೋರ್ ಫಂಕ್ಷನ್ ತನಗೆ ಬಂದ ಬೈಟ್‌ಗಳ ಸಂಖ್ಯೆಯನ್ನೇ ಹಿಂದಿರುಗಿಸಬೇಕು. ಮರೆತು ಸೊನ್ನೆ ಕೊಟ್ಟರೆ, ಬರೆದದ್ದು ಹೋಗಲೇ ಇಲ್ಲ ಅಂದುಕೊಂಡು ಹೊರಗಿನ ಪ್ರೋಗ್ರಾಮ್ ಮತ್ತೆ ಮತ್ತೆ ಬರೆಯುತ್ತಾ ಕೂರಬಹುದು. ಮೊದಲ ಸಲ ಡ್ರೈವರ್ ಬರೆಯುವವರು ಇಲ್ಲಿ ಎಡವುವುದು ಜಾಸ್ತಿ.

ಒಂದು ಫೈಲಿಗೆ ಒಂದೇ ಬೆಲೆ

ಇದು ಸಿಸ್‌ಎಫ್‌ಎಸ್‌ನ ಮುಖ್ಯ ನಿಯಮ. ನನಗೆ ಇಡೀ ಏರ್ಪಾಡಿನಲ್ಲಿ ತುಂಬಾ ಇಷ್ಟವಾದದ್ದೂ ಇದೇ. ಒಂದು ಆಟ್ರಿಬ್ಯೂಟ್ ಫೈಲಿನಲ್ಲಿ ಒಂದೇ ಒಂದು ಬೆಲೆ, ಅಂದರೆ ಒಂದೇ ಸಂಖ್ಯೆ ಅಥವಾ ಪದ, ಇರಬೇಕು. ಪಟ್ಟಿ ಬೇಡ, ವಾಕ್ಯ ಬೇಡ, ಅಲಂಕಾರ ಬೇಡ. ಯಾಕೆ ಅನ್ನುವುದಕ್ಕೆ ನಮ್ಮ ಪ್ರೋಬ್‌ನ ಫೋಲ್ಡರ್‌ನಲ್ಲೇ ಸಾಕ್ಷಿ ಇದೆ. ಅಲ್ಲಿ ಡಬ್ಲ್ಯೂ1 ಸ್ಲೇವ್ ಎಂಬ ಇನ್ನೊಂದು ಹಳೆಯ ಫೈಲ್ ಇದೆ. ಅದನ್ನು ಓದಿದರೆ ಎರಡು ಸಾಲು ಬರುತ್ತವೆ. ಮೊದಲ ಸಾಲಿನಲ್ಲಿ ಒಂಬತ್ತು ಬೈಟ್, ಸಿಆರ್‌ಸಿ, ಕೊನೆಗೆ ಯೆಸ್ ಅಥವಾ ನೋ. ಎರಡನೇ ಸಾಲಿನಲ್ಲಿ ಅವೇ ಬೈಟ್‌ಗಳು ಮತ್ತೊಮ್ಮೆ, ಕೊನೆಗೆ ಟಿ ಈಕ್ವಲ್ಸ್ 33500.

ಇದನ್ನು ಓದುವ ಪೈಥಾನ್ ಕೋಡ್ ಹೇಗಿರುತ್ತದೆ ನೋಡಿ. ಎರಡು ಸಾಲನ್ನೂ ಓದಬೇಕು. ಮೊದಲ ಸಾಲಿನ ಕೊನೆಯ ಮೂರು ಅಕ್ಷರ ಯೆಸ್ ಆಗಿದೆಯಾ ನೋಡಬೇಕು. ಎರಡನೇ ಸಾಲಿನಲ್ಲಿ ಈಕ್ವಲ್ಸ್ ಗುರುತು ಎಲ್ಲಿದೆ ಹುಡುಕಬೇಕು. ಅದರ ಮುಂದಿನದ್ದನ್ನು ಕತ್ತರಿಸಿ ಸಂಖ್ಯೆ ಮಾಡಬೇಕು. ಇಂಟರ್‌ನೆಟ್‌ನಲ್ಲಿ ಇಂಥ ಕೋಡ್ ಲೆಕ್ಕವಿಲ್ಲದಷ್ಟು ಸಿಗುತ್ತದೆ, ಹುಡುಗರು ಅದನ್ನೇ ಕಾಪಿ ಮಾಡುತ್ತಾರೆ. ಕೆಲವರ ಕೋಡ್‌ನಲ್ಲಿ ಯೆಸ್ ಪರೀಕ್ಷೆಯೇ ಇರುವುದಿಲ್ಲ. ಸಿಆರ್‌ಸಿ ತಪ್ಪಿದರೂ ಸಂಖ್ಯೆ ಬರುತ್ತದೆ, ಅವರು ನಂಬುತ್ತಾರೆ. ಟೆಂಪರೇಚರ್ ಫೈಲ್ 2020ರಲ್ಲಿ ಬಂತು. ಅದರಲ್ಲಿ ಒಂದೇ ಸಂಖ್ಯೆ. ಸಿಆರ್‌ಸಿ ತಪ್ಪಿದ್ದರೆ ಸಂಖ್ಯೆ ಬರುವುದೇ ಇಲ್ಲ, ಓದುವ ಕರೆ ಬರಿಗೈಯಲ್ಲಿ ವಾಪಸ್ ಬರುತ್ತದೆ. ಸರಿ ಮತ್ತು ತಪ್ಪನ್ನು ಹೇಳುವ ಜಾಗ ಫೈಲಿನ ಒಳಗಿನ ಅಕ್ಷರಗಳಿಂದ ಸಿಸ್ಟಮ್ ಕಾಲ್‌ನ ಉತ್ತರಕ್ಕೆ ಬಂತು. ಸೋಮಾರಿ ಸ್ಕ್ರಿಪ್ಟ್ ಕೂಡ ಇನ್ನು ಸಿಆರ್‌ಸಿ ತಪ್ಪಿದ ಸಂಖ್ಯೆಯನ್ನು ನಂಬಲಾರದು. ಎರಡೂ ಫೈಲ್ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ನಿಯಮದ ಬೆಲೆ ತಾನಾಗಿಯೇ ಅರ್ಥವಾಗುತ್ತದೆ.

ಒಂದೊಂದು ಬೆಲೆಗೆ ಒಂದೊಂದು ಫೈಲ್ ಎಂದಾಗ ಒಂದು ನಷ್ಟವೂ ಇದೆ, ಮುಚ್ಚಿಡಬಾರದು. ಎರಡು ಫೈಲ್‌ಗಳನ್ನು ಒಂದೇ ಕ್ಷಣದಲ್ಲಿ ಓದಲು ಆಗುವುದಿಲ್ಲ. ಬ್ಯಾಟರಿಯ ವೋಲ್ಟೇಜ್ ಓದಿ ಕರೆಂಟ್ ಓದುವಷ್ಟರಲ್ಲಿ ವೋಲ್ಟೇಜ್ ಬದಲಾಗಿರಬಹುದು. ಹತ್ತು ಪ್ರೋಬ್‌ಗಳನ್ನು ಒಂದಾದ ಮೇಲೊಂದು ಓದಿದರೆ ಪ್ರತಿಯೊಂದಕ್ಕೂ ಮುಕ್ಕಾಲು ಸೆಕೆಂಡ್. ಒನ್-ವೈರ್ ಡ್ರೈವರ್‌ನವರು ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ವೈರ್‌ನ ಮುಖ್ಯ ಫೋಲ್ಡರ್‌ನಲ್ಲಿ ಥರ್ಮ್ ಬಲ್ಕ್ ರೀಡ್ ಎಂಬ ಫೈಲ್ ಇದೆ. ಅದಕ್ಕೆ ಟ್ರಿಗರ್ ಎಂದು ಬರೆದರೆ ವೈರ್ ಮೇಲಿನ ಎಲ್ಲಾ ಚಿಪ್‌ಗಳೂ ಒಟ್ಟಿಗೆ ಅಳೆಯಲು ಶುರುಮಾಡುತ್ತವೆ. ಅದು ಮುಗಿದ ಮೇಲೆ ಒಂದೊಂದೇ ಟೆಂಪರೇಚರ್ ಫೈಲ್ ಓದಿಕೊಂಡು ಹೋಗಬಹುದು, ಮತ್ತೆ ಕಾಯಬೇಕಿಲ್ಲ.

ವೇಗವಾಗಿ ಹರಿಯುವ ದತ್ತಾಂಶಕ್ಕೆ ಮಾತ್ರ ಈ ದಾರಿ ತಕ್ಕದ್ದಲ್ಲ. ಮೋಟಾರಿನ ಕಂಪನವನ್ನು ಸೆಕೆಂಡಿಗೆ ಸಾವಿರ ಸಲ ಅಳೆಯಬೇಕೆಂದರೆ ಪ್ರತಿ ಸಲ ಫೈಲ್ ಓದಿ ಅಕ್ಷರವನ್ನು ಸಂಖ್ಯೆ ಮಾಡುತ್ತಾ ಕೂರಲಾಗದು. ಅಂಥದ್ದಕ್ಕೆ ಕ್ಯಾರೆಕ್ಟರ್ ಡಿವೈಸ್ ಎಂಬ, ದತ್ತಾಂಶವನ್ನು ನೇರವಾಗಿ ಹರಿಸುವ ಇನ್ನೊಂದು ಬಗೆಯ ಫೈಲ್ ಇದೆ. ಜಿಪಿಐಒ ಪಿನ್‌ಗಳ, ಅಂದರೆ ಬೋರ್ಡಿನ ಮೇಲೆ ನಾವೇ ಆನ್ ಆಫ್ ಮಾಡಬಹುದಾದ ಪಿನ್‌ಗಳ, ಕಥೆ ಇದಕ್ಕೆ ಒಳ್ಳೆಯ ಪಾಠ. ಮೊದಲು ಪಿನ್‌ಗಳನ್ನು ಸಿಸ್ ಒಳಗಿನ ಫೈಲುಗಳಿಂದಲೇ ಆನ್ ಆಫ್ ಮಾಡುತ್ತಿದ್ದೆವು. ಪ್ರೋಗ್ರಾಮ್ ಮಧ್ಯದಲ್ಲಿ ಸತ್ತರೆ ಅದು ಹಿಡಿದಿದ್ದ ಪಿನ್ ಹಾಗೇ ಉಳಿಯುತ್ತಿತ್ತು, ಬಿಡಿಸುವವರೇ ಇಲ್ಲ. 2016ರ 4.8 ಕರ್ನಲ್‌ನಲ್ಲಿ ಪಿನ್‌ಗಳಿಗೆ ಕ್ಯಾರೆಕ್ಟರ್ ಡಿವೈಸ್ ಬಂತು. ಪ್ರೋಗ್ರಾಮ್ ಸತ್ತರೆ ಕರ್ನಲ್ ತಾನೇ ಪಿನ್ ವಾಪಸ್ ಪಡೆಯುತ್ತದೆ. ಹಳೆಯ ದಾರಿಯನ್ನು ಬಳಸಬೇಡಿ ಎಂದು ಆಗಿನಿಂದ ಹೇಳುತ್ತಲೇ ಇದ್ದಾರೆ. ಹಳೆಯ ಬ್ಲಾಗ್ ನೋಡಿ ಕಲಿತವರು ಇನ್ನೂ ಅದನ್ನೇ ಬಳಸುತ್ತಿದ್ದಾರೆ, ದಯವಿಟ್ಟು ಬಿಡಿ.

ಯಾರಿಗೆ ಎಷ್ಟು ತೋರಿಸಬೇಕು?

ರೆಸಲ್ಯೂಶನ್ ಬದಲಿಸಲು ಹೋದವರಿಗೆ ಪರ್ಮಿಶನ್ ಡಿನೈಡ್ ಎಂದು ಬರುತ್ತದೆ. ಸಾಮಾನ್ಯವಾಗಿ ಎಲ್ಲರೂ ಓದಬಹುದು, ರೂಟ್ ಎಂಬ ಮುಖ್ಯ ಬಳಕೆದಾರ ಮಾತ್ರ ಬರೆಯಬಹುದು. ಆಗ ಮುಂದೆ ರೂಟ್ ಅಧಿಕಾರ ಕೊಡುವ ಸುಡೋ ಸೇರಿಸಿ ಎಕೋ 9 ಎಂದು ಫೈಲಿಗೆ ತಿರುಗಿಸುತ್ತಾರೆ. ಆದರೂ ಅದೇ ಎರರ್. ಯಾಕೆಂದರೆ ಸುಡೋ ಸೇರಿದ್ದು ಎಕೋಗೆ ಮಾತ್ರ. ಫೈಲ್ ತೆರೆಯುವುದು ನಿಮ್ಮ ಕಮಾಂಡ್ ಓದುವ ಶೆಲ್, ಅದು ಇನ್ನೂ ನಿಮ್ಮ ಸಾಮಾನ್ಯ ಹೆಸರಿನಲ್ಲೇ ಓಡುತ್ತಿದೆ. ಎಕೋದ ಉತ್ತರವನ್ನು ಪೈಪ್ ಮೂಲಕ ಸುಡೋ ಟೀ ಕಮಾಂಡ್‌ಗೆ ಕೊಟ್ಟರೆ ಕೆಲಸ ಆಗುತ್ತದೆ. ಕಾಯಂ ಪರಿಹಾರ ಬೇಕಾದರೆ, ಸಾಧನಗಳು ಬಂದುಹೋಗುವುದನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಮ್‌ಗೆ ನಿಯಮ ಬರೆದು, ಒಂದು ಗುಂಪಿನವರಿಗೆ ಬರೆಯುವ ಅನುಮತಿ ಕೊಡಬೇಕು. ಎಲ್ಲರಿಗೂ ಬರೆಯುವ ಅನುಮತಿ ಇರುವ ಆಟ್ರಿಬ್ಯೂಟನ್ನು ಡ್ರೈವರ್‌ನಲ್ಲಿ ಮ್ಯಾಕ್ರೊ ಬಳಸಿ ಮಾಡಲು ಹೋದರೆ ಅದು ಕಂಪೈಲ್ ಕೂಡ ಆಗುವುದಿಲ್ಲ.

ಬರೆಯುವುದು ಅಪಾಯ, ಓದುವುದರಲ್ಲೇನಿದೆ ಎಂದು ಅನ್ನಿಸಬಹುದು. 2020ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಮತ್ತು ಅವರ ಜೊತೆಗಾರರು ಪ್ಲಾಟಿಪಸ್ ಎಂಬ ದಾಳಿಯನ್ನು ತೋರಿಸಿದರು. ಇಂಟೆಲ್ ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸಿತು ಎಂದು ಹೇಳುವ ಒಂದು ಫೈಲ್ ಸಿಸ್ ಒಳಗಿತ್ತು, ಯಾರು ಬೇಕಾದರೂ ಓದಬಹುದಿತ್ತು. ಆ ಸಂಖ್ಯೆ ಏರಿಳಿಯುವುದನ್ನು ಎಡೆಬಿಡದೆ ನೋಡುತ್ತಾ ಹೋದರೆ ಪ್ರೊಸೆಸರ್ ಒಳಗೆ ಬಳಕೆಯಾಗುತ್ತಿರುವ ಗುಪ್ತ ಕೀಲಿಯ ಸುಳಿವು ಸಿಗುತ್ತದೆ ಎಂದು ಅವರು ಸಾಬೀತು ಮಾಡಿದರು. ಆಮೇಲೆ ಆ ಫೈಲನ್ನು ರೂಟ್ ಮಾತ್ರ ಓದುವಂತೆ ಮಾಡಿದರು. ಬರೀ ಕರೆಂಟ್ ಬಳಕೆಯ ಲೆಕ್ಕ, ನಿರುಪದ್ರವಿ ಅಂತ ಎಲ್ಲರೂ ಅಂದುಕೊಂಡಿದ್ದ ಆಟ್ರಿಬ್ಯೂಟ್ ಅದು. ಡ್ರೈವರ್ ಬರೆಯುವಾಗ ಓದುವ ಅನುಮತಿ ಕೊಡುವುದನ್ನೂ ಯೋಚಿಸಿಯೇ ಮಾಡಬೇಕು.

ಇನ್ನೊಂದು ಸೂಕ್ಷ್ಮ ಇರುವುದು ಸಮಯದಲ್ಲಿ. ಹೊಸ ಸಾಧನ ಬಂದಾಗ ಕರ್ನಲ್ ಯು-ಈವೆಂಟ್ ಎಂಬ ಸುದ್ದಿ ಹೊರಡಿಸುತ್ತದೆ. ಯುಡೆವ್ ಅದನ್ನು ಕೇಳಿ ನಿಮ್ಮ ಸ್ಕ್ರಿಪ್ಟ್ ಓಡಿಸುತ್ತದೆ. ಡ್ರೈವರ್ ಬರೆದವರು ಮೊದಲು ಸಾಧನವನ್ನು ನೋಂದಾಯಿಸಿ, ಆಮೇಲೆ ಫೈಲುಗಳನ್ನು ಒಂದೊಂದಾಗಿ ಸೇರಿಸಿದರೆ ಏನಾಗುತ್ತದೆ? ಸುದ್ದಿ ಹೊರಟಾಯಿತು, ಸ್ಕ್ರಿಪ್ಟ್ ಓಡಿ ಬಂತು, ಫೈಲ್ ಇನ್ನೂ ಹುಟ್ಟಿಲ್ಲ. ಹತ್ತರಲ್ಲಿ ಒಂಬತ್ತು ಸಲ ಸರಿಹೋಗಿ ಹತ್ತನೇ ಸಲ ಕೈಕೊಡುವ, ಹುಡುಕಲು ಪ್ರಾಣ ತೆಗೆಯುವ ತಪ್ಪು ಇದು. ಸ್ಕ್ರಿಪ್ಟ್‌ಗೆ ಎರಡು ಸೆಕೆಂಡ್ ನಿದ್ದೆ ಸೇರಿಸಿ ತೇಪೆ ಹಾಕುವವರಿದ್ದಾರೆ. ಸರಿಯಾದ ದಾರಿ ಡ್ರೈವರ್‌ನಲ್ಲೇ ಇದೆ. ಎಲ್ಲಾ ಆಟ್ರಿಬ್ಯೂಟ್‌ಗಳನ್ನು ಒಂದು ಗುಂಪು ಮಾಡಿ, ನೋಂದಾಯಿಸುವ ಮೊದಲೇ ಸಾಧನಕ್ಕೆ ಅಂಟಿಸಬೇಕು. ಆಗ ಕರ್ನಲ್ ಫೈಲುಗಳನ್ನು ಮೊದಲು ಮಾಡಿ, ಸುದ್ದಿಯನ್ನು ಆಮೇಲೆ ಕಳಿಸುತ್ತದೆ.

ಪ್ರೋಬ್ ಕಿತ್ತರೆ? ಸ್ವಲ್ಪ ಹೊತ್ತಿಗೆ ಕರ್ನಲ್ ಆ ಫೋಲ್ಡರನ್ನೇ ತೆಗೆದುಬಿಡುತ್ತದೆ. ನಿಮ್ಮ ಪ್ರೋಗ್ರಾಮ್ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಮುಂದಿನ ಓದಿಗೆ ನೋ ಸಚ್ ಡಿವೈಸ್ ಎಂಬ ಉತ್ತರ ಬರುತ್ತದೆ. ಅದನ್ನು ಹಿಡಿದು, ಪ್ರೋಬ್ ಕಾಣೆಯಾಗಿದೆ ಎಂದು ಮೆಸೇಜ್ ಕಳಿಸಿ. ಗೋದಾಮಿನಲ್ಲಿ ಇಲಿ ವೈರ್ ಕಡಿಯುವುದು ದಿನಾ ಇರುವ ಮಾತು. ಸುದ್ದಿ ಬರದಿದ್ದರೆ ಎಲ್ಲಾ ತಣ್ಣಗಿದೆ ಎಂದು ಅವರು ಅಂದುಕೊಳ್ಳುತ್ತಾರೆ.

ಇಟ್ಟ ಹೆಸರು ತೆಗೆಯಲು ಬಾರದು

ಮೇಲಿನ ಹಳೆಯ ಎರಡು ಸಾಲಿನ ಫೈಲ್ ಕೆಟ್ಟದ್ದಾಗಿದ್ದರೆ ಅದನ್ನು ಕಿತ್ತುಹಾಕಬಾರದಾ? ಆಗುವುದಿಲ್ಲ. ಎಷ್ಟೋ ಗೋದಾಮು, ಕೋಳಿಫಾರಂ, ಮನೆಗಳ ಸ್ಕ್ರಿಪ್ಟ್‌ಗಳು ಅದನ್ನೇ ನಂಬಿ ಓಡುತ್ತಿವೆ. ಬಳಕೆದಾರರ ಪ್ರೋಗ್ರಾಮ್ ಕೆಡಿಸಬಾರದು ಎಂಬುದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರುವ ನಿಯಮ. ಆಟ್ರಿಬ್ಯೂಟ್‌ನ ಹೆಸರು, ಮಾನ, ಬರೆಯುವ ರೀತಿ, ಎಲ್ಲವೂ ಆ ನಿಯಮದೊಳಗೆ ಬರುತ್ತವೆ. ಮಿಲಿಡಿಗ್ರಿಯನ್ನು ನಾಳೆ ಡಿಗ್ರಿ ಮಾಡಿದರೆ ಯಾವುದೋ ಊರಿನ ಅಲಾರಂ ಸುಮ್ಮನಾಗುತ್ತದೆ. ಅದಕ್ಕೇ ಡ್ರೈವರ್ ಬರೆಯುವ ವಿದ್ಯಾರ್ಥಿಗಳಿಗೆ ನಾನು ಕೋಡ್‌ಗಿಂತ ಮೊದಲು ಹೆಸರುಗಳ ಪಟ್ಟಿ ತೋರಿಸಿ ಅನ್ನುತ್ತೇನೆ. ಪ್ರಯೋಗಕ್ಕೆ, ತಪ್ಪು ಹುಡುಕಲು ಮಾತ್ರ ಬೇಕಾದ ಸಂಖ್ಯೆ ಇದ್ದರೆ ಅದನ್ನು ಡೀಬಗ್‌ಎಫ್‌ಎಸ್ ಎಂಬ ಬೇರೆ ಜಾಗದಲ್ಲಿ ಇಡಿ. ಅಲ್ಲಿ ಇಟ್ಟದ್ದಕ್ಕೆ ಸ್ಥಿರತೆಯ ಹಂಗು ಇಲ್ಲ. ಸಿಸ್‌ಗೆ ಬಂದರೆ ಅದು ಊರೂರು ತಲುಪುತ್ತದೆ.

ಯಾವ ಫೈಲಿನ ಅರ್ಥ ಏನು ಎಂದು ತಿಳಿಯಲು ಊಹೆ ಮಾಡಬೇಕಿಲ್ಲ. ಕರ್ನಲ್ ಸೋರ್ಸ್‌ನ ಡಾಕ್ಯುಮೆಂಟೇಶನ್ ಡೈರೆಕ್ಟರಿಯಲ್ಲಿ ಎಬಿಐ ಎಂಬ ಜಾಗ ಇದೆ. ಅದರೊಳಗೆ ಸ್ಟೇಬಲ್, ಟೆಸ್ಟಿಂಗ್, ಆಬ್ಸಲೀಟ್, ರಿಮೂವ್ಡ್ ಎಂದು ನಾಲ್ಕು ವಿಭಾಗ. ಒಂದೊಂದು ಆಟ್ರಿಬ್ಯೂಟ್‌ಗೂ ಅದರ ಪೂರ್ತಿ ದಾರಿ, ಸೇರಿದ ತಿಂಗಳು, ಸಂಪರ್ಕಿಸಬೇಕಾದವರು, ಜೊತೆಗೆ ವಿವರಣೆ ಬರೆದಿರುತ್ತಾರೆ. ಒನ್-ವೈರ್ ತಾಪಮಾನದ ರೆಸಲ್ಯೂಶನ್, ಬಲ್ಕ್ ರೀಡ್ ಎಲ್ಲವೂ ಅಲ್ಲಿದೆ. ಹೊಸ ಆಟ್ರಿಬ್ಯೂಟ್ ಸೇರಿಸುವ ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಕಳಿಸಿದರೆ ಈ ವಿವರಣೆಯೂ ಜೊತೆಗಿರಬೇಕು ಎಂದು ಆ ಭಾಗ ನೋಡಿಕೊಳ್ಳುವ ಮೇಂಟೇನರ್‌ಗಳು ಕೇಳುತ್ತಾರೆ. ಕಡಿಮೆ ಇಂಗ್ಲಿಷ್ ಬರುವವರೂ ಓದಬಹುದಾದ ಚಿಕ್ಕ ಚಿಕ್ಕ ಟಿಪ್ಪಣಿಗಳು ಅವು. ನಿಮ್ಮ ಲ್ಯಾಪ್‌ಟಾಪ್‌ನ ಪವರ್ ಸಪ್ಲೈ ಫೋಲ್ಡರ್ ಒಂದು ಕಿಟಕಿಯಲ್ಲಿ, ಅದೇ ಹೆಸರಿನ ಎಬಿಐ ಟಿಪ್ಪಣಿ ಇನ್ನೊಂದು ಕಿಟಕಿಯಲ್ಲಿ ತೆರೆದುಕೊಂಡು ಒಂದೊಂದೇ ಫೈಲನ್ನು ಹೋಲಿಸಿ ಓದುತ್ತಾ ಹೋಗಿ. ಪ್ರೋಬ್, ವೈರ್, ಬೋರ್ಡ್ ಯಾವುದೂ ಇಲ್ಲದೆ ಇವತ್ತೇ ಶುರು ಮಾಡಬಹುದು.